‘ಮಂಥನ’: ಎರಡು ರೂಪಾಯಿಯ ಪಾಲು

ಸಹಾಯನಿಧಿ ಎಂದೊಡನೆ ನಮ್ಮ ಸಂಘಗಳ ಕಾರ್ಯಕರ್ತರ ಕಣ್ಣೆದುರು ನಿಲ್ಲುವುದು ರಸೀತಿ ಪುಸ್ತಕ, ಸ್ಮರಣ ಸಂಚಿಕೆಯ ಜಾಹೀರಾತು, ಸಹಾಯಾರ್ಥ ನಾಟಕದ ಟಿಕೇಟು. ಇವನ್ನು ಚೀಲದಲ್ಲಿ ಹೊತ್ತು ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಅಲೆದವರೆಲ್ಲರೂ ಒಮ್ಮೆ ನೋಡಬೇಕಾದ ಚಿತ್ರವೆಂದರೆ ಶ್ಯಾಮ್ ಬೆನೆಗಲ್ ಅವರ ‘ಮಂಥನ’. 1976ರಲ್ಲಿ ಬಂದ ಈ ಹಿಂದಿ ಚಿತ್ರದ ಹೊಸದಾಗಿ ಸರಿಪಡಿಸಿದ ಪ್ರತಿ 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿಯೂ, ಜೂನ್ ಆರಂಭದಲ್ಲಿ ನಮ್ಮ ದೇಶದ ಚಿತ್ರಮಂದಿರಗಳಲ್ಲಿಯೂ ಪ್ರದರ್ಶಿತವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆನೆಗಲ್ ತೀರಿಕೊಂಡರು.

ಚಿತ್ರದ ಕಥೆಗಿಂತ ಮೊದಲು ಅದರ ಹಣದ ಕಥೆಯನ್ನು ಹೇಳಬೇಕು. 1946ರಲ್ಲಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಆರಂಭವಾಗಿ, ವರ್ಗೀಸ್ ಕುರಿಯನ್ನರ ದುಡಿಮೆಯಿಂದ ಬೆಳೆದ ಹಾಲಿನ ಸಹಕಾರ ಚಳವಳಿಯೇ ಚಿತ್ರದ ವಸ್ತು. ಅದಕ್ಕೆ ಬಂಡವಾಳ ಹಾಕಿದವರೂ ಹಾಲು ಹಾಕುವವರೇ. ಐದು ಲಕ್ಷ ರೈತರು, ತಲಾ 2 ರೂಪಾಯಿ, ಒಟ್ಟು 10 ಲಕ್ಷ! ಒಬ್ಬೊಬ್ಬನೂ ಆಲೋಚಿಸಿ ಕೊಟ್ಟ ದೇಣಿಗೆಯಿದು ಎಂದರೆ ಉತ್ಪ್ರೇಕ್ಷೆಯಾದೀತು. ಹಣ ಬಂದದ್ದು ಸಂಘಗಳ ಮೂಲಕ. ಆದರೆ ಚಿತ್ರ ತೆರೆಕಂಡಾಗ ಆ ರೈತರು ಲಾರಿಗಳಲ್ಲಿ ತುಂಬಿಕೊಂಡು ‘ತಮ್ಮ’ ಚಿತ್ರವನ್ನು ನೋಡಲು ಬಂದರು. ಕೊಟ್ಟವನು ಪಾಲುದಾರನಾದದ್ದು ಅಲ್ಲಿ.

ಕಥೆ ಸರಳ. ಸಹಕಾರ ಸಂಘವನ್ನು ಕಟ್ಟಲು ಪಶುವೈದ್ಯ ಡಾ. ರಾವ್ ತನ್ನ ತಂಡದೊಡನೆ ಹಳ್ಳಿಗೆ ಬರುತ್ತಾನೆ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡರು, ತಂಡದ ಚಂದಾವರ್ಕರನಾಗಿ ಅನಂತನಾಗ್ ಅಭಿನಯಿಸಿದ್ದಾರೆ. ಹಾಲು ಕೊಳ್ಳುವ ಖಾಸಗಿ ಡೇರಿಯ ಮಿಶ್ರಾ (ಅಮರೀಶ್ ಪುರಿ), ಊರಿನ ಸರಪಂಚ (ಕುಲಭೂಷಣ್ ಖರಬಂದಾ), ದಲಿತ ಕೇರಿಯ ಸಿಡುಕು ಯುವಕ ಭೋಲಾ (ನಸೀರುದ್ದೀನ್ ಶಾ), ಎಮ್ಮೆ ಸಾಕಿಕೊಂಡ ಬಿಂದು (ಸ್ಮಿತಾ ಪಾಟೀಲ್) ಇವರ ನಡುವೆ ರಾವ್ ನಡೆಯಬೇಕು. ಹಾಲಿನ ಜಿಡ್ಡಿನ ಅಂಶವನ್ನು ಅಳೆದು ತೋರಿಸುವುದು ಸುಲಭ. ಅಳೆಯುವವನನ್ನು ಊರು ನಂಬುವುದು ಕಷ್ಟ. ತಂಡದ ಚಂದಾವರ್ಕರ್ ಹಳ್ಳಿಯ ಹುಡುಗಿಯೊಡನೆ ಸಲಿಗೆ ಬೆಳೆಸಿದಾಗ ರಾವ್ ಅವನನ್ನು ಹಿಂದಕ್ಕೆ ಕಳಿಸಿಬಿಡುತ್ತಾನೆ. ಸೇವೆಗೆ ಬಂದವನ ನಡತೆಯೇ ಸೇವೆಯ ಮೂಲಧನವೆಂಬುದನ್ನು ಇಲ್ಲಿ ಭಾಷಣವಿಲ್ಲದೆ ಹೇಳಲಾಗಿದೆ.

ವಿಜಯ ತೆಂಡೂಲ್ಕರರ ಚಿತ್ರಕಥೆಯ ದೊಡ್ಡ ಗುಣ ಅದರ ನಿಷ್ಠುರತೆ. ಸಂಘದ ಚುನಾವಣೆಯಲ್ಲಿ ದಲಿತ ಅಭ್ಯರ್ಥಿ ಗೆಲ್ಲುತ್ತಾನೆ. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ಕೇರಿಯ ಮನೆಗಳು ಉರಿಯುತ್ತವೆ. ರಾವ್ ಮಾಡಿದ್ದು ತಪ್ಪೆಂದು ಚಿತ್ರ ಹೇಳುವುದಿಲ್ಲ. ಆದರೆ ಅವನ ಸದುದ್ದೇಶದ ಬೆಲೆ ತೆತ್ತವರು ಯಾರು ಎಂದು ಕೇಳುತ್ತದೆ. ಸುಟ್ಟದ್ದು ಅವನ ಮನೆಯಲ್ಲ.

ಕೊರತೆಯೂ ಇದೆ. ಕಷ್ಟದಲ್ಲಿದ್ದ ಬಿಂದುವಿನ ಹೆಬ್ಬೆಟ್ಟು ಒತ್ತಿಸಿಕೊಂಡು ರಾವ್ ಮೇಲೆ ಅಪವಾದ ಹೊರಿಸುವ ಸಂಚಿನ ನಂತರ ಚಿತ್ರದ ಅನುಕಂಪವೆಲ್ಲ ರಾವ್‌ನತ್ತ ವಾಲುತ್ತದೆ. ಮೇವು, ಸಗಣಿ, ಕರೆಯುವ ಕೆಲಸ ಎಲ್ಲವೂ ಹೆಂಗಸರ ಕೈಯಲ್ಲಿರುವ ಈ ಕಸುಬಿನಲ್ಲಿ ಬಿಂದು ಸಂಘದ ಸದಸ್ಯಳಾಗಿ ಏನು ಬಯಸಿದಳೆಂದು ನಮಗೆ ತಿಳಿಯುವುದೇ ಇಲ್ಲ. ಸ್ಮಿತಾ ಪಾಟೀಲರ ಕಣ್ಣುಗಳು ಹೇಳಿದಷ್ಟನ್ನು ಚಿತ್ರಕಥೆ ಹೇಳಲಿಲ್ಲ. ಕೊನೆಗೆ ರಾವ್ ವರ್ಗವಾಗಿ ರೈಲು ಹತ್ತುತ್ತಾನೆ. ಸಂಘವನ್ನು ನಡೆಸಲು ಉಳಿಯುವವನು ಭೋಲಾ. ಚಿತ್ರದ ನಿಜವಾದ ನಾಯಕ ಅವನೇ ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಾನಿದ್ದ ಸಮಿತಿಯೊಂದು ವಿದ್ಯಾರ್ಥಿವೇತನ ನಿಧಿಗಾಗಿ ಮನೆ ಮನೆ ಹತ್ತಿಳಿದು ವಂತಿಗೆ ಎತ್ತುತ್ತಿತ್ತು. ಕೊಟ್ಟದ್ದು ಐವತ್ತೋ ನೂರೋ; ಕೂತು ಕುಡಿದ ಚಹಾದ ಜೊತೆಗೆ ಆ ಮನೆಯ ಸುಖದುಃಖವೂ ತಿಳಿಯುತ್ತಿತ್ತು. ಒಂದು ವರ್ಷ ದಾನಿಯೊಬ್ಬರು ಒಂದೇ ಚೆಕ್ಕಿನಲ್ಲಿ ನಿಧಿಯನ್ನು ತುಂಬಿಸಿಕೊಟ್ಟರು. ನಾವು ಸಂತೋಷಪಟ್ಟೆವು, ಶಾಲು ಹೊದಿಸಿದೆವು, ಅಲೆದಾಟ ನಿಲ್ಲಿಸಿದೆವು. ಮರುವರ್ಷ ನಿಧಿಯಲ್ಲಿ ಹಣವಿತ್ತು, ಅರ್ಜಿಗಳಿರಲಿಲ್ಲ. ಯಾವ ಚಾಳಿನಲ್ಲಿ ಯಾರ ಮಗು ಶಾಲೆ ಬಿಟ್ಟಿತೆಂದು ನಮಗೆ ಹೇಳುವವರೇ ಇರಲಿಲ್ಲ. ದಾನಿಯದು ತಪ್ಪಲ್ಲ, ಹಣ ಬಂತೆಂದು ಮೆಟ್ಟಿಲು ಹತ್ತುವುದನ್ನು ಬಿಟ್ಟ ನಮ್ಮದು.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವೆ. ಹಳ್ಳ ತುಂಬಿತೆಂದು ಹನಿಗಳನ್ನು ಮರೆಯುವುದೂ ನಮಗೆ ಗೊತ್ತಿದೆ. ಸಂಘದ ಸಭಾಗೃಹದಲ್ಲಿ ‘ಮಂಥನ’ವನ್ನು ಒಮ್ಮೆ ತೋರಿಸಬೇಕೆಂದು ಸಮಿತಿಯವರಲ್ಲಿ ವಿನಂತಿ. ವಿದ್ಯಾರ್ಥಿವೇತನ ಪಡೆದ ಮಕ್ಕಳ ತಾಯಂದಿರನ್ನು ವೇದಿಕೆಗೆ ಕರೆದು ಲಕೋಟೆ ಕೊಡುವುದಕ್ಕಲ್ಲ, ಚಿತ್ರ ನೋಡುವುದಕ್ಕೆ ಕರೆಯೋಣ. ಅವರಲ್ಲಿ ಇಬ್ಬರನ್ನಾದರೂ ನಿಧಿಯ ಸಮಿತಿಗೆ ಸೇರಿಸಿಕೊಂಡು, ಮುಂದಿನ ತಿಂಗಳು ಮತ್ತೆ ರಸೀತಿ ಪುಸ್ತಕ ಹಿಡಿದು ಹೊರಡೋಣ.