ನೀರು ಹೊಯ್ದರೆ ಮೇಲೆ ಬರುವ ಡಬ್ಬಿ

ಕಾಡಂಚಿನಲ್ಲಿ, ಹಳ್ಳದಿಂದ ಹತ್ತು ಹೆಜ್ಜೆ ದೂರದಲ್ಲಿ, ಕಂಬವೊಂದಕ್ಕೆ ಬಿಗಿದ ಪಿವಿಸಿ ಪೈಪು. ಎದೆಮಟ್ಟದ ಎತ್ತರ; ಬುಡ ಮುಚ್ಚಿದೆ, ಬಾಯಿ ತೆರೆದಿದೆ. ಇಣುಕಿದರೆ ಆಳದಲ್ಲಿ ಕೆಂಪು ಮುಚ್ಚಳದ ಪುಟ್ಟ ಕೊಳವೆ ಕಾಣಿಸುತ್ತದೆ. ಕೈ ಹಿಡಿಸುವುದಿಲ್ಲ, ಕಡ್ಡಿಗೆ ಸಿಕ್ಕುವುದಿಲ್ಲ, ಪೈಪನ್ನೇ ಬೋರಲು ಹಾಕೋಣವೆಂದರೆ ಅದು ಅಲ್ಲಾಡುವುದಿಲ್ಲ. ಹುಡುಕಿಕೊಂಡು ಬಂದವರು ಎರಡು ಸುತ್ತು ಹಾಕುತ್ತಾರೆ, ಪೈಪಿನ ಮೈಮೇಲೆ ಅಲ್ಲಲ್ಲಿ ಕೊರೆದ ತೂತುಗಳನ್ನು ಎಣಿಸುತ್ತಾರೆ. ಆಮೇಲೆ ಹಳ್ಳದ ಸದ್ದು ಕಿವಿಗೆ ಬೀಳುತ್ತದೆ. ಹೂಜಿಗೆ ಕಲ್ಲು ಹಾಕಿ ನೀರನ್ನು ಮೇಲೆ ತಂದ ಕಾಗೆಯ ಕಥೆ ಕೇಳಿ ಬೆಳೆದವರಿಗೆ ಮುಂದಿನದು ಹೊಳೆಯಲು ತಡವಾಗದು. ಒಬ್ಬರು ಬಾಟಲಿಯಿಂದ ನೀರು ಹೊಯ್ಯುತ್ತಾರೆ, ಇನ್ನೊಬ್ಬರು ಹತ್ತೂ ಬೆರಳಿನಿಂದ ತೂತು ಮುಚ್ಚುತ್ತಾರೆ, ಮುಚ್ಚದೆ ಉಳಿದ ಹನ್ನೊಂದನೆಯದರಿಂದ ನೀರು ಚಿಮ್ಮಿ ಅಂಗಿ ತೋಯುತ್ತದೆ. ಕೆಂಪು ಮುಚ್ಚಳ ತೇಲುತ್ತಾ ಬಾಯಿಯ ಅಂಚಿಗೆ ಬಂದಾಗ ನಡುವಯಸ್ಸಿನವರೂ ಮಕ್ಕಳ ಹಾಗೆ ಕೂಗುತ್ತಾರೆ.

ಇದು ಜಿಯೋಕ್ಯಾಶಿಂಗ್ ಆಡುವವರು ಮನೆಯಲ್ಲೇ ಕಟ್ಟುವ ಡಬ್ಬಿಗಳ ಒಂದು ಮಾದರಿ. ಅಮೆರಿಕ, ಬ್ರಿಟನ್, ಜರ್ಮನಿಗಳ ಹವ್ಯಾಸಿಗಳು ಇದನ್ನು ಹಲವು ರೂಪಗಳಲ್ಲಿ ಕಟ್ಟಿದ್ದಾರೆ. ಆಟದ ಸೂತ್ರ ಸರಳ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ-ರೇಖಾಂಶ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ, ಹುಡುಕಿ, ಒಳಗಿನ ಹಾಳೆಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಹೆಚ್ಚಿವೆ. ಬಹುಪಾಲು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಡಬ್ಬಿಗಳೇ. ಆದರೆ ಈ ಆಟದಲ್ಲಿ ಹತ್ತಾರು ವರ್ಷ ಕಳೆದವರನ್ನು ಕೇಳಿದರೆ, ನೆನಪಿನಲ್ಲಿ ಉಳಿದದ್ದು ಯಾರೋ ಕೈಯಾರೆ ಮಾಡಿಟ್ಟದ್ದು ಎನ್ನುತ್ತಾರೆ.

ಶುರುವಾದದ್ದು ಒಂದು ಬಕೆಟ್ಟಿನಿಂದ. ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಅತ್ತಿತ್ತ ಆಗುತ್ತಿದ್ದ ಲೆಕ್ಕ ರಾತ್ರೋರಾತ್ರಿ ಹತ್ತು-ಹದಿನೈದು ಮೀಟರಿಗೆ ಇಳಿಯಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಕರಿ ಪ್ಲಾಸ್ಟಿಕ್ ಬಕೆಟ್ ಅರ್ಧ ಹೂತಿಟ್ಟು ಅದರ ಸ್ಥಾನವನ್ನು ಇಂಟರ್‌ನೆಟ್ಟಿನಲ್ಲಿ ಪ್ರಕಟಿಸಿದ. ಒಳಗೆ ಪುಸ್ತಕ, ಸಾಫ್ಟ್‌ವೇರ್, ವಿಡಿಯೋ, ಒಂದಿಷ್ಟು ದುಡ್ಡು, ಒಂದು ಕವಣೆ, ಒಂದು ಡಬ್ಬ ಬೀನ್ಸ್. ಇಂದಿನ ನಿಯಮದಲ್ಲಿ ಆ ಬಕೆಟ್ಟಿಗೆ ಒಪ್ಪಿಗೆ ಸಿಗುವುದಿಲ್ಲ: ಜಾಗದ ಮಾಲೀಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಡಬ್ಬಿಗಾಗಿ ನೆಲ ಅಗೆಯುವಂತಿಲ್ಲ, ತಿನ್ನುವ ವಸ್ತು ಇಡುವಂತಿಲ್ಲ. ವಾಸನೆ ಹಿಡಿದು ಬರುವ ಇಲಿ, ಅಳಿಲು, ಕರಡಿಗಳಿಗೆ ಡಬ್ಬಿಯ ಮುಚ್ಚಳ ಯಾವ ಲೆಕ್ಕ? ಸುವಾಸನೆಯ ಮೇಣದಬತ್ತಿ ಇಟ್ಟರೂ ಕಚ್ಚಿ ಒಡೆಯುತ್ತವೆ.

ಉಲ್ಮರನಿಗಿಂತ ಬಹಳ ಹಿಂದೆ, 1854ರಲ್ಲಿ, ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕ್ರ್ಯಾನ್‌ಮಿಯರ್ ಪೂಲ್ ಎಂಬಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗ ಒಂದು ಬಾಟಲಿ ಇಟ್ಟಿದ್ದ. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಅಲ್ಲಿ ಹಬ್ಬಿದ ಲೆಟರ್‌ಬಾಕ್ಸಿಂಗ್ ಹವ್ಯಾಸ ಈ ಆಟದ ಹಿರಿಯ ಅಕ್ಕ. ಬಾಟಲಿಯಿರಲಿ, ಬಕೆಟ್ಟಿರಲಿ, ಪೈಪಿರಲಿ, ಬಯಲಿನಲ್ಲಿಟ್ಟ ಕಾಗದ ಒದ್ದೆಯಾಗದಂತೆ ಕಾಯುವುದೇ ಅವುಗಳ ಮೊದಲ ಕೆಲಸ. ಇದನ್ನು ಮರೆತ ಡಬ್ಬಿ ಎಷ್ಟೇ ಚೆಂದವಿದ್ದರೂ, ಎಷ್ಟೇ ಜಾಣತನದ್ದಾದರೂ, ಈ ಅಂಕಣ ಅದನ್ನು ಒಳ್ಳೆಯದೆಂದು ಒಪ್ಪುವುದಿಲ್ಲ. ಮೂರು ಮೈಲಿ ನಡೆದು ಬಂದವರ ಕೈಗೆ ಬೂಷ್ಟು ಹಿಡಿದ ಕಾಗದದ ಮುದ್ದೆ ಸಿಕ್ಕರೆ ಜಾಣತನವನ್ನು ಮೆಚ್ಚಲು ಮನಸ್ಸಾದರೂ ಎಲ್ಲಿ ಉಳಿದೀತು?

ನೀರು ಒಳಗೆ ಬರುವುದು ಮಳೆಯಿಂದಲೇ ಎಂದುಕೊಂಡರೆ ತಪ್ಪು. ಹಗಲಿನ ಬಿಸಿಲಿಗೆ ಡಬ್ಬಿಯೊಳಗಿನ ಗಾಳಿ ಹಿಗ್ಗಿ ಸಂದಿನಿಂದ ಹೊರಗೆ ಹೋಗುತ್ತದೆ. ಇರುಳಿನ ತಂಪಿಗೆ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ದಿನಾ ಹೀಗೆ ಉಸಿರಾಡುವ ಡಬ್ಬಿಗೆ ಒಂದು ಹನಿ ಮಳೆ ತಾಗದಿದ್ದರೂ ಒಳಗೆ ಬೆವರು ಕಟ್ಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಭರಣಿಗೆ ನಾಲ್ಕು ಅಕ್ಕಿಕಾಳು ಹಾಕಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಚಪ್ಪಲಿ, ಔಷಧಿ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಹವ್ಯಾಸಿಗಳು ಎಸೆಯದೆ ಕೂಡಿಡುವುದು ಇದಕ್ಕೇ. ಆದರೆ ಪೊಟ್ಟಣಕ್ಕೆ ಒಂದು ಮಿತಿಯಿದೆ. ಸಂದು ಬಿಟ್ಟ ಡಬ್ಬಿಯಲ್ಲಿ ಅದು ಬೇಗ ತೇವ ತುಂಬಿಕೊಂಡು ಸುಮ್ಮನಾಗುತ್ತದೆ.

ಹಾಗಾಗಿ ಕಟ್ಟುವವರು ಒಳಗಿನಿಂದ ಹೊರಗೆ ಬರುತ್ತಾರೆ: ಮೊದಲು ನೀರು ಹೋಗದ ಪುಟ್ಟ ಕೋಶ, ಆಮೇಲೆ ಅದರ ಮೇಲಿನ ವೇಷ. ಕೋಶಕ್ಕೆ ಒಂದು ಕಾಲದಲ್ಲಿ ಎಲ್ಲರೂ ಬಳಸಿದ್ದು 35 ಮಿ.ಮೀ. ಕ್ಯಾಮೆರಾ ರೀಲಿನ ಡಬ್ಬಿ. ಪುಕ್ಕಟೆ ಸಿಗುತ್ತಿತ್ತು, ಎಲ್ಲಿಯಾದರೂ ಹಿಡಿಸುತ್ತಿತ್ತು. ಆದರೆ ಬಯಲಿನಲ್ಲಿ ಎರಡು ವರ್ಷ ಇಟ್ಟರೆ ಮುಚ್ಚಳ ಬಿರಿದು ಒಳಗೆ ನೀರು ಜಿನುಗುತ್ತದೆ. ಅಮೆರಿಕದ ಸೇನೆಯ ಹಳೆಯ ಮದ್ದುಗುಂಡಿನ ಪೆಟ್ಟಿಗೆ ಇದಕ್ಕೆ ತೀರಾ ವಿರುದ್ಧ. ಉಕ್ಕಿನ ಮೈ, ಮುಚ್ಚಳದ ಸುತ್ತ ದಪ್ಪ ರಬ್ಬರು, ಒತ್ತಿ ಕೂರಿಸುವ ಕೊಂಡಿ. ಹತ್ತು ವರ್ಷ ಬಿಟ್ಟು ತೆಗೆದರೂ ಒಳಗೆ ಒಣಗಿರುತ್ತದೆ. ಸೇನೆಯ ಅಕ್ಷರಗಳನ್ನು ಬಣ್ಣ ಬಳಿದು ಮುಚ್ಚುವುದನ್ನು ಮಾತ್ರ ಮರೆಯುವಂತಿಲ್ಲ. ನಡುವಿನ ಗಾತ್ರಕ್ಕೆ ನಾಲ್ಕೂ ಬದಿ ಕೊಂಡಿಯಿರುವ ಲಾಕ್ ಅಂಡ್ ಲಾಕ್ ಬಗೆಯ ಊಟದ ಡಬ್ಬಿ ಒಳ್ಳೆಯದು. ಇವು ಸೋರುವುದಕ್ಕೆ ಕಾರಣ ಬಹುತೇಕ ಒಂದೇ: ಹಾಳೆ ಸುತ್ತಿದ ಪ್ಲಾಸ್ಟಿಕ್ ಚೀಲದ ಮೂಲೆ ರಬ್ಬರಿನ ಅಡಿ ಸಿಕ್ಕಿಕೊಂಡಿರುತ್ತದೆ. ಕೂದಲೆಳೆಯಷ್ಟು ಸಂದು ಸಾಕು. ಚೀಲವನ್ನು ಡಬ್ಬಿಗಿಂತ ಎರಡು ಬೆರಳು ಚಿಕ್ಕದಾಗಿ ಆರಿಸುವುದು ಅನುಭವಿಗಳ ರೂಢಿ.

ಈಗ ಮತ್ತೆ ಆ ಪೈಪಿಗೆ ಬರೋಣ. ಒಳಗಿನ ಕೆಂಪು ಮುಚ್ಚಳದ ಕೊಳವೆ ತಂಪು ಪಾನೀಯದ ಬಾಟಲಿಯ ಮೂಲರೂಪ. ಕಾರ್ಖಾನೆಯಲ್ಲಿ ಬಿಸಿ ಮಾಡಿ ಊದಿ ಉಬ್ಬಿಸುವ ಮೊದಲು ಬಾಟಲಿ ದಪ್ಪ ಗೋಡೆಯ ಪ್ರನಾಳದಂತೆ ಇರುತ್ತದೆ. ಜರ್ಮನಿಯ ಆಟಗಾರರು ಇದನ್ನು ಅಕ್ಕರೆಯಿಂದ ಪೆಟ್ಲಿಂಗ್ ಎನ್ನುತ್ತಾರೆ. ಮುಚ್ಚಳ ಮಾಮೂಲು ಬಾಟಲಿಯದೇ, ಸೋಡಾದ ಗ್ಯಾಸನ್ನೇ ತಡೆದು ನಿಲ್ಲಿಸುವಂಥದು. ಆದರೆ ಈ ಬಾಟಲಿಗಳ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ. ತೇಲಿಸುವುದು ಒಳಗಿನ ಗಾಳಿ. ಮುಚ್ಚಳ ಸಡಿಲಾಗಿ ನೀರು ತುಂಬಿದರೆ ಕೊಳವೆ ಮೇಲೆ ಬರುವುದೇ ಇಲ್ಲ. ಹಾಳೆ ಹಾಳಾದ ಸುದ್ದಿಯನ್ನು ಡಬ್ಬಿಯೇ ಮುಳುಗಿ ಹೇಳುತ್ತದೆ.

ಅಳತೆಯಲ್ಲೂ ಕುಸುರಿಯಿದೆ. ಕೊಳವೆಯ ಕುತ್ತಿಗೆಯ ಬಳೆ ಸುಮಾರು 33 ಮಿ.ಮೀ. ಅಗಲ. ಪೈಪಿನ ಒಳಗಲ 4 ಸೆಂ.ಮೀ. ಇದ್ದರೆ ಸಲೀಸು, ಇನ್ನೂ ಬಿಗಿಯಾದರೆ ಕಸ ಸಿಕ್ಕಿ ಅರ್ಧದಲ್ಲಿ ನಿಲ್ಲುತ್ತದೆ, ತೀರಾ ಅಗಲವಾದರೆ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಮುಚ್ಚಳದ ಕಡೆ ತೂಕ ಹೆಚ್ಚಾಗಿ ತಲೆಕೆಳಗಾಗದಿರಲಿ ಎಂದು ಒಳಗೆ ತಳದಲ್ಲಿ ಒಂದು ಸಣ್ಣ ನಟ್ಟು ಅಂಟಿಸುತ್ತಾರೆ. ಒಂದು ಮೀಟರ್ ಎತ್ತರದ ಇಂಥ ಪೈಪು ತುಂಬಲು ಸುಮಾರು ಒಂದೂಕಾಲು ಲೀಟರ್ ನೀರು ಬೇಕು. ಅಂದರೆ ಚಾರಣಿಗರ ಒಂದು ಲೀಟರಿನ ಬಾಟಲಿ ಒಮ್ಮೆಗೆ ಸಾಲದು, ತೂತುಗಳಿಂದ ಸೋರುವುದು ಬೇರೆ. ಅದಕ್ಕೇ ಜಾಗ ಆರಿಸುವಾಗ ಹಳ್ಳ ಹತ್ತಿರವಿರಬೇಕು. ಬುಡದಲ್ಲಿ ಸೂಜಿಯಷ್ಟು ಸಣ್ಣ ತೂತೊಂದು ಇರಲೇಬೇಕು. ಇಲ್ಲದಿದ್ದರೆ ನೀರು ಅಲ್ಲೇ ನಿಂತು ಮುಂದೆ ಬರುವವರಿಗೆ ಒಗಟೇ ಉಳಿಯುವುದಿಲ್ಲ, ಸೊಳ್ಳೆ ಮರಿ ಮಾಡುತ್ತದೆ, ಚಳಿ ದೇಶಗಳಲ್ಲಿ ಹೆಪ್ಪುಗಟ್ಟಿ ಪೈಪು ಸೀಳುತ್ತದೆ.

ವೇಷ ಹಾಕುವವರ ಕಲೆ ಬೇರೆ ಬಗೆಯದು. ಬಿದ್ದ ಕೊಂಬೆಯನ್ನು ಕೊಯ್ದು, ನಡುವೆ ಡ್ರಿಲ್ಲಿನಿಂದ ಟೊಳ್ಳು ಮಾಡಿ, ಕೋಶ ಕೂರಿಸಿ, ಕೊಯ್ದ ಗೆರೆ ತೊಗಟೆಯ ಬಿರುಕಿನಲ್ಲೇ ಅಡಗುವಂತೆ ಮತ್ತೆ ಜೋಡಿಸುತ್ತಾರೆ. ದೊಡ್ಡ ಬೋಲ್ಟಿನ ಒಳಗನ್ನು ಕೊರೆದು ಬೆರಳಗಲದ ಹಾಳೆಯನ್ನು ಬೀಡಿಯಂತೆ ಸುತ್ತಿ ತುರುಕಿ, ಬುಡಕ್ಕೆ ಅಯಸ್ಕಾಂತ ಅಂಟಿಸಿ, ಕಬ್ಬಿಣದ ಸೇತುವೆಯ ನೂರು ಬೋಲ್ಟುಗಳ ನಡುವೆ ಇಡುತ್ತಾರೆ. ಸಿಮೆಂಟು, ಮರಳು, ಒಣ ಪಾಚಿಗೊಬ್ಬರ ಕಲಸಿ ಡಬ್ಬಿಯ ಸುತ್ತ ಮೆತ್ತಿ ಕಲ್ಲು ಮಾಡುತ್ತಾರೆ. ಹಕ್ಕಿಗೂಡಿನ ಆಕಾರದ ಪೆಟ್ಟಿಗೆ ಮಾಡುವವರಲ್ಲಿ ವಿವೇಕಿಗಳು ಬಾಗಿಲಿನ ತೂತನ್ನು ಕೊರೆಯದೆ ಕರಿ ಬಣ್ಣದ ವೃತ್ತವನ್ನಷ್ಟೇ ಬಳಿಯುತ್ತಾರೆ. ನಿಜವಾದ ತೂತಿದ್ದರೆ ಹಕ್ಕಿ ಸಂಸಾರ ಹೂಡುತ್ತದೆ, ಆಮೇಲೆ ಅದನ್ನು ದಿನವೂ ಯಾರಾದರೂ ತೆರೆದು ಕಾಡುತ್ತಾರೆ. ಜೀವಂತ ಮರಕ್ಕೆ ಮೊಳೆ ಹೊಡೆಯುವುದನ್ನು ನಿಯಮ ಬಿಡುವುದಿಲ್ಲ, ಪಟ್ಟಿಯಿಂದ ಕಟ್ಟಬೇಕು. ಸುಳ್ಳು ವಿದ್ಯುತ್ ಪೆಟ್ಟಿಗೆಗಳನ್ನು ಕೆಲವರು ಬಹಳ ಮೆಚ್ಚುತ್ತಾರೆ. ಈ ಅಂಕಣಕ್ಕೆ ಅವು ಸುತರಾಂ ಒಪ್ಪಿಗೆಯಿಲ್ಲ. ಸುಳ್ಳು ಪೆಟ್ಟಿಗೆ ತೆರೆದು ರೂಢಿಯಾದ ಕೈ ನಾಳೆ ನಿಜವಾದದ್ದನ್ನೂ ತೆರೆಯಹೋಗುತ್ತದೆ.

ಊರ ನಡುವೆ ಇಡುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. 2011ರ ಜುಲೈಯಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದ ಕಾಫಿ ಅಂಗಡಿಯೊಂದರ ಹೊರಗೆ ಆಟದ ಸಣ್ಣ ಪ್ಲಾಸ್ಟಿಕ್ ಡಬ್ಬಿ ಕಂಡವರು ಗಾಬರಿಯಾದರು. ಪೊಲೀಸರು ಬಂದು ರಸ್ತೆ ಮುಚ್ಚಿದರು, ಬಾಂಬ್ ನಿಷ್ಕ್ರಿಯ ದಳ ಅದನ್ನು ಸ್ಫೋಟಿಸಿತು. ಪಟ್ಟಣದಲ್ಲಿ ಪಾರದರ್ಶಕ ಡಬ್ಬಿ, ಮೇಲೆ ಆಟದ ಹೆಸರಿನ ಚೀಟಿ, ಜಾಗದ ಮಾಲೀಕರ ಒಪ್ಪಿಗೆ: ಮೂರೂ ಬೇಕು. ಎರಡೂ ತುದಿ ಮುಚ್ಚಿದ ಪೈಪನ್ನಂತೂ ಅಲ್ಲಿ ಇಡಲೇಬಾರದು. ನಮ್ಮ ನೀರಿನ ಪೈಪು ಕಾಡಂಚಿನಲ್ಲಿ ಬಾಯಿ ತೆರೆದು ನಿಂತಿರುವುದಕ್ಕೆ ಅದೂ ಒಂದು ಕಾರಣ.

ಆಟದ ಗಡಿ ದಾಟಿ ಹೋದ ಒಂದು ಪೆಟ್ಟಿಗೆಯನ್ನು ಇಲ್ಲಿ ನೆನೆಯದಿರಲಾಗದು. 2009ರಲ್ಲಿ ಅಮೆರಿಕದ ಮೈಕಲ್ ಹಾರ್ಟ್ ಫ್ರಾನ್ಸಿನಲ್ಲಿದ್ದ ಗೆಳೆಯನ ಮದುವೆಗೆ ಒಂದು ಮರದ ಪೆಟ್ಟಿಗೆ ಉಡುಗೊರೆ ಕೊಟ್ಟರು. ಮೇಲೆ ಒಂದು ಗುಂಡಿ, ಒಂದು ಪುಟ್ಟ ಪರದೆ. ಒಳಗೆ ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಫಲಕ, ಜಿಪಿಎಸ್ ಮತ್ತು ಬೀಗ ಎಳೆಯುವ ಚಿಕ್ಕ ಮೋಟಾರು. ಗುಂಡಿ ಒತ್ತಿದರೆ ಗುರಿ ಎಷ್ಟು ದೂರವೆಂದು ಹೇಳುತ್ತಿತ್ತು, ಯಾವ ದಿಕ್ಕೆಂದು ಹೇಳುತ್ತಿರಲಿಲ್ಲ. ಒತ್ತಲು ಅವಕಾಶ 50 ಸಲ ಮಾತ್ರ. ಬೇರೆ ಬೇರೆ ಊರುಗಳಿಂದ ಒತ್ತಿ, ನಕ್ಷೆಯ ಮೇಲೆ ಕೈವಾರದಿಂದ ವೃತ್ತಗಳನ್ನು ಎಳೆದು, ಅವು ಕೂಡುವ ಬಿಂದುವಿಗೆ ಹೋಗಬೇಕು. ಫ್ರಾನ್ಸಿನ ಬ್ರಿಟನಿ ಕರಾವಳಿಯ ಬ್ರೆಹಾ ದ್ವೀಪದಲ್ಲಿ ಬೀಗ ತೆರೆಯಿತು. ಸಾಮಾನ್ಯ ಆಟದಲ್ಲಿ ಜಾಗ ಗೊತ್ತು, ಡಬ್ಬಿ ಕಾಣುವುದಿಲ್ಲ. ಇಲ್ಲಿ ಡಬ್ಬಿ ಕೈಯಲ್ಲೇ ಇದೆ, ಜಾಗ ಹುಡುಕಬೇಕು. ಆಮೇಲೆ ಎಷ್ಟೋ ಹವ್ಯಾಸಿಗಳು ತಮ್ಮವರಿಗಾಗಿ ಇಂಥ ಪೆಟ್ಟಿಗೆ ಕಟ್ಟಿದರು.

ಮೊದಲ ಬಾರಿ ಕಟ್ಟಲು ಕೂರುವವರಿಗೆ ಮೋಟಾರು, ಅಯಸ್ಕಾಂತ ಯಾವುದೂ ಬೇಡ. ಡಬ್ಬಿಯೊಳಗೆ ಒಣ ಟಿಶ್ಯೂ ಕಾಗದವೊಂದನ್ನು ಇಟ್ಟು, ಮುಚ್ಚಿ, ಬಕೆಟ್ ನೀರಿನಲ್ಲಿ ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಬೇಕು. ಬೆಳಿಗ್ಗೆ ಹೊರಮೈಯನ್ನು ಚೆನ್ನಾಗಿ ಒರೆಸಿ ತೆರೆದು ನೋಡಬೇಕು. ಕಾಗದದ ಒಂದು ಮೂಲೆ ಮೆತ್ತಗಾಗಿದ್ದರೂ ಆ ಡಬ್ಬಿ ಬಯಲಿಗೆ ಹೋಗಬಾರದು. ಕಾಗದ ಒಣಗಿಯೇ ಉಳಿದರೆ, ಪೆನ್ನಿನ ಬದಲು ಮೊಂಡು ಪೆನ್ಸಿಲ್ಲೊಂದನ್ನು ಜೊತೆಗಿಡಬೇಕು. ತೇವದ ಕಾಗದದ ಮೇಲೆ ಪೆನ್ನು ಓಡುವುದಿಲ್ಲ, ಚಳಿಗೆ ಶಾಯಿ ಕಟ್ಟಿಕೊಳ್ಳುತ್ತದೆ. ಆಮೇಲೆ ವರ್ಷಕ್ಕೆರಡು ಸಲವಾದರೂ ಹೋಗಿ ಬರಬೇಕು. ಅನುಭವಿಗಳ ಕೈಚೀಲದಲ್ಲಿ ಬೇರೆ ಬೇರೆ ಅಳತೆಯ ರಬ್ಬರ್ ಬಳೆಗಳು, ಚೂರು ಸಿಲಿಕೋನ್ ಗ್ರೀಸು, ಕತ್ತರಿಸಿ ಸುತ್ತಿಟ್ಟ ಹೊಸ ಹಾಳೆಗಳು, ಒಂದು ಹಳೆ ಹಲ್ಲುಜ್ಜುವ ಬ್ರಷ್ಷು ಇರುತ್ತವೆ. ತಿರುಪಿನ ಗೆರೆಗಳಲ್ಲಿ ಕೂತ ಮರಳನ್ನು ಬ್ರಷ್ಷಿನಿಂದ ಉಜ್ಜಿ, ಬಳೆ ಬದಲಿಸಿ, ತುಂಬಿದ ಹಾಳೆಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ದೀಪದ ಕೆಳಗೆ ಅದನ್ನು ಬಿಚ್ಚಿ, ಎಂದೂ ಕಾಣದವರ ಹೆಸರು ಮತ್ತು ತಾರೀಕುಗಳನ್ನು ಒಂದೊಂದಾಗಿ ಓದುತ್ತಾರೆ.