ಗೌಡನ ಕಾಯಿಲೆ, ಗೋಡೆಯ ಔಷಧ

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕವನ್ನು 1972ರಲ್ಲಿ ಬಿ.ವಿ. ಕಾರಂತರು ರಂಗಕ್ಕೆ ತಂದಂದಿನಿಂದಲೂ ನಾವು ಅದರ ಗೌಡನನ್ನು ಒಂದೇ ಬಗೆಯಲ್ಲಿ ಓದಿಕೊಂಡು ಬಂದಿದ್ದೇವೆ. ಹೊಲ ಅವನದು, ಉಳುವವನು ಬೇರೆ. ಹೆಂಡತಿ ಅವನವಳು, ಮಗು ಕೊಡುವವನು ಬೇರೆ. ಜಮೀನ್ದಾರಿಕೆಯ ಬಂಜೆತನಕ್ಕೆ ಇದಕ್ಕಿಂತ ಬಲವಾದ ರೂಪಕ ಕನ್ನಡ ರಂಗಭೂಮಿಯಲ್ಲಿ ಅಪರೂಪ. ಆದರೆ ಆ ರೂಪಕ ಒಂದು ಕಾಯಿಲೆಯನ್ನು ಗುಣದೋಷವನ್ನಾಗಿ ಮಾಡಿಬಿಟ್ಟಿದೆ. ಪ್ರೇಕ್ಷಕರು ನಗುವುದು ಗೌಡನ ದರ್ಪಕ್ಕಲ್ಲ, ಅವನ ದೇಹಕ್ಕೆ.

ರಂಗದ ಮೇಲಿನ ಈ ನಗೆಯೇ ಊರಿನ ಗೋಡೆಗಳ ಮೇಲೆ ವ್ಯಾಪಾರವಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಯಾವ ಊರಿಗೆ ಹೋದರೂ ಬಸ್ ನಿಲ್ದಾಣದ ಸುತ್ತಮುತ್ತ ‘ಗುಪ್ತರೋಗ’ದ ಚೀಟಿಗಳು ಕಣ್ಣಿಗೆ ಬೀಳುತ್ತವೆ. ‘ಗುಪ್ತ’ ಎಂಬ ಆ ಒಂದು ಪದವೇ ಅವರ ಬಂಡವಾಳ. ಹೆಂಡತಿಗೂ ಹೇಳಬೇಡ, ವೈದ್ಯರಿಗೂ ಹೇಳಬೇಡ, ಲಾಡ್ಜಿಗೆ ಬಾ ಎಂದು ಅದರ ಅರ್ಥ! ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಲ್ಲೇ ಬಂದಿದೆ. ಅದನ್ನು ಪ್ರಶ್ನಿಸಿ ದೆಹಲಿಯ ಹಮ್ದರ್ದ್ ದವಾಖಾನಾ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರ ತೀರ್ಪು ಕಾಯಿದೆಯ ಕೆಲವು ಭಾಗಗಳನ್ನು ಹೊಡೆದುಹಾಕಿದರೂ, ಇಂಥ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದಿತು. ನಮ್ಮ ಗೋಡೆಗಳು ಆ ತೀರ್ಪನ್ನು ಓದಿದಂತೆ ಕಾಣುವುದಿಲ್ಲ.

ನಿಮಿರು ದೌರ್ಬಲ್ಯಕ್ಕೆ ಬಹಳಷ್ಟು ಸಲ ಕಾರಣ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು. ರಕ್ತನಾಳ ಕೆಟ್ಟಿರುವುದರ ಸುಳಿವು ಹೃದಯಕ್ಕಿಂತ ಮೊದಲು ಇಲ್ಲಿ ಸಿಗುವುದುಂಟು. ಹಾಗಾಗಿ ಗೂಡು ಬಿಚ್ಚುವ ರೀಲರಾಗಲಿ, ಬೊಂಬೆ ಕಡೆಯುವ ಕುಶಲಕರ್ಮಿಯಾಗಲಿ ಇದನ್ನು ಮುಚ್ಚಿಟ್ಟರೆ ಮುಚ್ಚಿಹೋಗುವುದು ಮರ್ಯಾದೆಯ ವಿಷಯ ಮಾತ್ರವಲ್ಲ, ಜೀವದ ವಿಷಯ ಕೂಡ. 1998ರಿಂದ ಮಾತ್ರೆಗಳಿವೆ; ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರಿಗೆ ಅವು ಅಪಾಯ. ಮಾತ್ರೆ, ಇಂಜೆಕ್ಷನ್ ಯಾವುದೂ ಫಲಿಸದಿದ್ದಾಗ ಕೊನೆಯದಾಗಿ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ. ಶಿಶ್ನದೊಳಗೆ ಎರಡು ಕೊಳವೆ, ವೃಷಣ ಚೀಲದಲ್ಲಿ ಪುಟ್ಟ ಪಂಪು, ಹೊಟ್ಟೆಯೊಳಗೆ ಉಪ್ಪುನೀರಿನ ಚೀಲ. ಪಂಪು ಒತ್ತಿದರೆ ನೀರು ಕೊಳವೆಗೆ ಹರಿಯುತ್ತದೆ. 1973ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಸಾಧನ ದುಬಾರಿ. ಪಂಪಿಲ್ಲದ, ಬಾಗಿಸಬಹುದಾದ ಕಡ್ಡಿಯಂಥವು ಅಗ್ಗ. ಇದು ಆಸೆಯನ್ನು ಹೆಚ್ಚಿಸುವುದಿಲ್ಲ. ಒಮ್ಮೆ ಹಾಕಿಸಿದ ಮೇಲೆ ಸಹಜ ಸ್ಥಿತಿಗೆ ಮರಳುವಂತಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ನಂಜಾಗುವ ಭಯವೂ ಇದೆ. ಯಾವ ಚೀಟಿಯೂ ಹೇಳದ ಮಾತುಗಳಿವು.

ನಾಟಕಕ್ಕೆ ಬಂದರೆ, ಪರಿಹಾರ ಹುಡುಕುವವಳು ಗೌಡ್ತಿ ಒಬ್ಬಳೇ. ಜೋಕುಮಾರಸ್ವಾಮಿಯ ಪಡವಲಕಾಯಿ ಅಡಿಗೆ ಮಾಡಿ ಗಂಡನಿಗಾಗಿ ಕಾಯುತ್ತಾಳೆ. ಗೌಡ ಬರುವುದಿಲ್ಲ, ಬಸಣ್ಣ ಉಣ್ಣುತ್ತಾನೆ. ವಿಮರ್ಶಕರು ಬಸಣ್ಣ ಉಂಡದ್ದನ್ನು ಹೊಗಳಿದ್ದಾರೆ. ಗೌಡ ಯಾಕೆ ಬರಲಿಲ್ಲ ಎಂದು ನಾವು ಕೇಳಬೇಕಿತ್ತು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯಿದೆ, ಮದುವೆಯ ಕಾಲದಿಂದಲೂ ಗಂಡನಿಗೆ ಈ ದೌರ್ಬಲ್ಯವಿದ್ದರೆ ಹೆಂಡತಿಗೆ ಬಿಡುಗಡೆ ಕೇಳುವ ಹಕ್ಕು ಕೊಟ್ಟಿದೆ. ಹಾಗೆಯೇ ಗುಣವಾಗಿದ್ದೇನೆಂದು ತೋರಿಸಲು ಗಂಡನಿಗೆ 1 ವರ್ಷದ ಗಡುವನ್ನೂ ಕೊಟ್ಟಿದೆ. ಫಿಕ್‌ಹ್‌ನ ಹಳೆಯ ನಿಯಮವೂ ಇದೇ. ಇಬ್ಬರನ್ನೂ ಗೇಲಿ ಮಾಡದ ಕಾನೂನು ಅದು. ಆದರೆ ಆ ಗಡುವು ತಾನಾಗಿ ಸಿಗುವುದಿಲ್ಲ. ಅರ್ಜಿಯನ್ನು ಗಂಡನೇ ಕೊಡಬೇಕು.