ಮರೆಯಾದ ವೈರಿ

ಜಮಖಂಡಿಯ ತರಗತಿಯಲ್ಲಿ ಮುಧೋಳದ ರನ್ನನನ್ನು ಪಾಠ ಹೇಳುವ ನನಗೆ ಆಕಾಶನೌಕೆಗಳ ಕಥೆಯೆಂದರೆ ಹುಡುಗಾಟವೆಂಬ ತಾತ್ಸಾರವಿತ್ತು. 1966ರಿಂದ 1969ರವರೆಗೆ ಅಮೇರಿಕೆಯಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ಮಗನ ಒತ್ತಾಯಕ್ಕೆ ಈಚೆಗೆ ಮೊದಲ ಸಲ ನೋಡಿದೆ. ರಟ್ಟಿನಂಥ ಬಂಡೆಗಳು, ಮಿಣುಕುವ ದೀಪಗಳು. ಮೊದಲಿಗೆ ನಗೆಯೇ ಬಂದಿತು.

‘ಬ್ಯಾಲೆನ್ಸ್ ಆಫ್ ಟೆರರ್’ ಎಂಬ 1966ರ ಕಂತು ಆ ನಗೆಯನ್ನು ನಿಲ್ಲಿಸಿತು. ಗಡಿಯ ಠಾಣ್ಯಗಳನ್ನು ನಾಶಮಾಡಿದ ವೈರಿನೌಕೆಯೊಂದು ಕಣ್ಣಿಗೆ ಕಾಣದಂತೆ ಮರೆಯಾಗಿ ಸಂಚರಿಸುತ್ತದೆ. ಕಪ್ತಾನ ಕರ್ಕ್ ಅದನ್ನು ಬೆನ್ನಟ್ಟುತ್ತಾನೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ, ದಡದಲ್ಲಿ ಗರ್ಜಿಸುವ ಭೀಮ ನೆನಪಾದರು. ಹೋಲಿಕೆ ಇಷ್ಟಕ್ಕೇ ಮುಗಿಯಲಿಲ್ಲ. ವೈರಿನಾಯಕ ಯುದ್ಧದಿಂದ ಬೇಸತ್ತವನು. ಆದರೂ ಕರ್ತವ್ಯವನ್ನು ಬಿಡಲಾರ. ಸೆರೆಯಾಗಲೊಲ್ಲದೆ ತನ್ನ ನೌಕೆಯನ್ನೇ ನಾಶಮಾಡಿಕೊಳ್ಳುತ್ತಾನೆ. ಗೆದ್ದ ಕರ್ಕನಿಗೂ ಹಿಗ್ಗಿಲ್ಲ. ಅಂದೇ ಮದುವೆಯಾಗಬೇಕಿದ್ದ ಅವನ ನೌಕೆಯ ತರುಣ ಸತ್ತಿದ್ದಾನೆ.

ಭೀಮನನ್ನು ನಾಯಕನೆಂದು ಕರೆದೂ ರನ್ನನು, ಅಭಿಮನ್ಯುವಿನ ಹೆಣದ ಮುಂದೆ ನಿಂತು ಶತ್ರುಪುತ್ರನ ಶೌರ್ಯವನ್ನು ಮೆಚ್ಚುವ ದೊಡ್ಡತನವನ್ನು ದುರ್ಯೋಧನನಿಗೆ ಕೊಟ್ಟನು. ಈ ಕಂತಿನ ಜೀವಾಳವೂ ಅದೇ ನ್ಯಾಯ.

ಕೊರತೆಯೂ ಉಂಟು. ಮುಂದಿನ ವಾರ ಮತ್ತೊಂದು ಕಥೆ ಬರಬೇಕು. ಶೋಕ ನೆಲೆಗೊಳ್ಳುವ ಮೊದಲೇ ನೌಕೆ ಹೊರಟುಬಿಡುತ್ತದೆ. ರನ್ನನಾದರೋ ನಮ್ಮನ್ನು ರಣರಂಗದಲ್ಲಿ ನಡೆಸಿ, ಒಂದೊಂದು ಹೆಣದ ಮುಂದೆಯೂ ನಿಲ್ಲಿಸುತ್ತಾನೆ. ಇರಲಿ, ವೈರಿಯ ಮುಖವನ್ನು ನೋಡಲು ಕಲಿಸುವ ಕಥೆಯನ್ನು ಇನ್ನು ಹುಡುಗಾಟವೆನ್ನಲಾರೆ. ಈ ವರ್ಷ ‘ಗದಾಯುದ್ಧ’ದ ಪಾಠವನ್ನು ಆ ನೌಕೆಯ ಮಾತಿನಿಂದಲೇ ಆರಂಭಿಸುವೆನು.